ಇಷ್ಟದ ಪುಸ್ತಕ ಓದಲು ಸಂಕೋಚವೇಕೆ?

ಪ್ರಶ್ನೆ: ನನಗೆ 52 ವರ್ಷ. ಬೆಂಗಳೂರಿನ ವಿಜಯನಗರದಲ್ಲಿ ವಾಸ, ಬ್ಯಾಂಕಿನಲ್ಲಿ ಕೆಲಸ. ಹೈಸ್ಕೂಲಿನಿಂದಲೂ ಪತ್ತೇದಾರಿ ಕಾದಂಬರಿ, ವಾರಪತ್ರಿಕೆಯ ಧಾರಾವಾಹಿ, ಸಾಂಸಾರಿಕ ಕಾದಂಬರಿಗಳನ್ನು ಓದಿ ಬೆಳೆದವಳು. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಒಂದೆರಡು ಅಧ್ಯಾಯ ಓದದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಕಳೆದ ವರ್ಷ ಗೆಳತಿಯ ಒತ್ತಾಯಕ್ಕೆ ಓದುಗರ ಬಳಗವೊಂದನ್ನು ಸೇರಿದೆ. ಅಲ್ಲಿ ತಿಂಗಳಿಗೊಂದು ಗಂಭೀರ ಕಾದಂಬರಿಯನ್ನು ಚರ್ಚಿಸುತ್ತಾರೆ. ವರ್ಷಕ್ಕೆ ಇಂತಿಷ್ಟು ಪುಸ್ತಕ ಎಂದು ಗುರಿ ಇಟ್ಟುಕೊಂಡು ವಾಟ್ಸ್ಯಾಪ್ ಗುಂಪಿನಲ್ಲಿ ಲೆಕ್ಕ ಹಾಕುತ್ತಾರೆ. ನನ್ನ ಇಷ್ಟದ ಪುಸ್ತಕಗಳ ಹೆಸರು ಹೇಳಿದಾಗ ಹಿರಿಯರೊಬ್ಬರು, 'ಈ ವಯಸ್ಸಿನಲ್ಲೂ ಇಂಥವನ್ನೇ ಓದುತ್ತೀರಾ?' ಎಂದರು. 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಮತ್ತೆ ಮತ್ತೆ ಶುರುಮಾಡಿ ಬಿಟ್ಟಿದ್ದೇನೆ. ಈಗ ಹಳೆಯ ಪತ್ತೇದಾರಿ ಪುಸ್ತಕ ಹಿಡಿದರೂ ಮನಸ್ಸು ನಿಲ್ಲುತ್ತಿಲ್ಲ. ಮೊಬೈಲಿನಿಂದ ಏಕಾಗ್ರತೆ ಕೆಟ್ಟಿದೆ, ಆಡಿಯೊ ಪುಸ್ತಕ ಕೇಳು ಎನ್ನುತ್ತಾನೆ ಮಗ. ನನ್ನ ಅಭಿರುಚಿ ಕೀಳುಮಟ್ಟದ್ದೇ? ಹಠ ಹಿಡಿದು ದೊಡ್ಡ ಪುಸ್ತಕಗಳನ್ನೇ ಓದಬೇಕೇ? ಬೀರುವಿನಲ್ಲಿರುವ ಹಳೆಯ ಕಾದಂಬರಿಗಳನ್ನು ರದ್ದಿಗೆ ಹಾಕಿಬಿಡಲೇ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಹಲವಾದರೂ ಅವುಗಳ ಬುಡದಲ್ಲಿರುವ ಆತಂಕ ಒಂದೇ ಎಂದು ನನಗೆ ತೋರುತ್ತದೆ. ಇಷ್ಟು ವರ್ಷ ಸಂತೋಷದಿಂದ ಓದಿದ್ದೆಲ್ಲ ವ್ಯರ್ಥವಾಯಿತೇನೋ ಎಂಬ ಅನುಮಾನ ನಿಮ್ಮನ್ನು ಕಾಡುತ್ತಿದೆ. ಅದರ ಜೊತೆಗೆ, ಆ ಸಂತೋಷವೂ ಕೈತಪ್ಪಿ ಹೋಯಿತಲ್ಲ ಎಂಬ ದುಃಖವೂ ಇದೆ. ಸಾರ್ವಜನಿಕ ಗ್ರಂಥಾಲಯಗಳಲ್ಲಿ ಗ್ರಂಥಪಾಲಕನಾಗಿ ದುಡಿದ ನನಗೆ ಈ ಸಂಕೋಚ ಹೊಸತಲ್ಲ. ಪತ್ತೇದಾರಿ ಕಾದಂಬರಿಯ ಮೇಲೆ ದಪ್ಪನೆಯ ವಿಮರ್ಶಾಗ್ರಂಥವೊಂದನ್ನು ಮುಚ್ಚಳದಂತೆ ಇಟ್ಟುಕೊಂಡು ಕೌಂಟರಿಗೆ ಬರುತ್ತಿದ್ದ ಎಷ್ಟೋ ಓದುಗರನ್ನು ಕಂಡಿದ್ದೇನೆ. ತಮ್ಮ ಇಷ್ಟವನ್ನು ಹೀಗೆ ಬಚ್ಚಿಟ್ಟುಕೊಳ್ಳಬೇಕಾದ ಸ್ಥಿತಿ ಅವರಿಗೆ ಬಂದುದಕ್ಕೆ ನನಗೆ ಬೇಸರವಾಗುತ್ತಿತ್ತು.

ಮೊದಲು ಅಭಿರುಚಿಯ ಮಾತು. ಪತ್ತೇದಾರಿ ಕಾದಂಬರಿ ಕೆಳಗಿನ ಮೆಟ್ಟಿಲು, ಗಂಭೀರ ಸಾಹಿತ್ಯ ಮೇಲಿನ ಮೆಟ್ಟಿಲು, ವಯಸ್ಸಾದಂತೆ ಮೇಲೇರದವರು ಹಿಂದುಳಿದವರು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಸಂತೋಷಕ್ಕಾಗಿ ಓದುವವರ ಮೇಲೆ ದಕ್ಷಿಣ ಆಫ್ರಿಕಾದ ಮನಶ್ಶಾಸ್ತ್ರಜ್ಞ ವಿಕ್ಟರ್ ನೆಲ್ ನಡೆಸಿ 1988ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಬಹಳ ಉಪಯುಕ್ತ. ವಿದ್ಯಾರ್ಥಿಗಳು, ಗ್ರಂಥಪಾಲಕರು, ವೃತ್ತಿಪರ ವಿಮರ್ಶಕರು ಹೀಗೆ ಬೇರೆ ಬೇರೆ ಗುಂಪುಗಳಿಗೆ ಹಲವು ಪುಸ್ತಕಗಳ ಆಯ್ದ ಭಾಗಗಳನ್ನು ಕೊಟ್ಟು, ಅವನ್ನು ಸಾಹಿತ್ಯದ ಯೋಗ್ಯತೆಗೆ ತಕ್ಕಂತೆ ಒಮ್ಮೆ, ಓದಲು ತಮಗೆಷ್ಟು ಇಷ್ಟ ಎಂಬುದಕ್ಕೆ ತಕ್ಕಂತೆ ಇನ್ನೊಮ್ಮೆ ಜೋಡಿಸಲು ಅವರು ಹೇಳಿದರು. ಯೋಗ್ಯತೆಯ ಪಟ್ಟಿಯಲ್ಲಿ ಮೇಲಿದ್ದವು ಇಷ್ಟದ ಪಟ್ಟಿಯಲ್ಲಿ ಕೆಳಗಿಳಿಯುವ ಪ್ರವೃತ್ತಿ ಕಂಡುಬಂತು. ಎಂದರೆ, ಪುಸ್ತಕವೊಂದು ಶ್ರೇಷ್ಠವೆಂದು ಒಪ್ಪುವುದೂ ಅದನ್ನು ಸಂತೋಷಕ್ಕಾಗಿ ಕೈಗೆತ್ತಿಕೊಳ್ಳುವುದೂ ಒಂದೇ ಮನಸ್ಸಿನಲ್ಲಿ ಬೇರೆ ಬೇರೆಯಾಗಿ ಇರಬಲ್ಲವು. ನಿಮ್ಮಲ್ಲಿ ಅವೆರಡೂ ಹೊಂದುತ್ತಿಲ್ಲವೆಂದರೆ ಅದು ನಿಮ್ಮೊಬ್ಬರ ಕೊರತೆಯಲ್ಲ.

ನಮ್ಮ ಕನ್ನಡದ ಓದಿನ ಚರಿತ್ರೆಯೂ ಮೆಟ್ಟಿಲಿನ ವಾದವನ್ನು ಒಪ್ಪುವುದಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ್ದು ಕಥೆಯ ರುಚಿ ಹತ್ತಿಸಿಕೊಂಡ ಸಾಮಾನ್ಯ ಓದುಗರನ್ನು ನೆಚ್ಚಿಕೊಂಡು. ಎನ್. ನರಸಿಂಹಯ್ಯನವರ ನೂರಾರು ಪತ್ತೇದಾರಿ ಕಾದಂಬರಿಗಳು ಶಾಲೆಯನ್ನು ಅರ್ಧಕ್ಕೇ ಬಿಟ್ಟವರ ಕೈಗೂ ಪುಸ್ತಕ ಬರುವಂತೆ ಮಾಡಿದವು. 1963ರಲ್ಲಿ ತೀರಿಕೊಂಡ ತ್ರಿವೇಣಿಯವರನ್ನು ಹೆಂಗಸರ ಜನಪ್ರಿಯ ಲೇಖಕಿ ಎಂದು ಪಕ್ಕಕ್ಕೆ ಸರಿಸಿದವರಿದ್ದರು. ಮನೋರೋಗವನ್ನು ಮನೆಮಂದಿ ಬಾಯಿಬಿಟ್ಟು ಹೇಳಲಾರದಿದ್ದ ಕಾಲದಲ್ಲಿ ಅದನ್ನೇ ಕಥಾವಸ್ತುವಾಗಿ ಮಾಡಿಕೊಂಡಿದ್ದ ಆ ಲೇಖಕಿಯನ್ನು ವಿಶ್ವವಿದ್ಯಾಲಯಗಳಲ್ಲಿ ಇಂದು ಗಂಭೀರವಾಗಿ ಅಭ್ಯಾಸ ಮಾಡುತ್ತಾರೆ. ಒಂದು ತಲೆಮಾರು ಹಗುರವೆಂದು ತಳ್ಳಿದ್ದನ್ನು ಇನ್ನೊಂದು ತಲೆಮಾರು ಮತ್ತೆ ಎತ್ತಿಕೊಳ್ಳುವುದು ಸಾಹಿತ್ಯದಲ್ಲಿ ನಡೆಯುತ್ತಲೇ ಇರುತ್ತದೆ.

ನನ್ನ ವೃತ್ತಿಯವರಿಗೆ ಗುರುಸ್ಥಾನದಲ್ಲಿರುವ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು. ಮುಂದೆ ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಇಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದವರು ಅವರು. ಪ್ರತಿಯೊಬ್ಬ ಓದುಗರಿಗೂ ಅವರದೇ ಪುಸ್ತಕ ಎಂಬುದು ಅವರ ಎರಡನೆಯ ಸೂತ್ರ. ಪ್ರತಿ ಪುಸ್ತಕಕ್ಕೂ ಅದರದೇ ಓದುಗರು ಎಂಬುದು ಮೂರನೆಯದು. ಉತ್ತಮ ಓದುಗ, ಸಾಧಾರಣ ಓದುಗ ಎಂಬ ಭೇದ ಆ ಸೂತ್ರಗಳಲ್ಲಿ ಎಲ್ಲಿಯೂ ಇಲ್ಲ. ನಿಮ್ಮ ಬಳಗದ ಹಿರಿಯರು ಆಡಿದ ಮಾತಿಗೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ.

ಹಾಗೆಂದು ಎಲ್ಲ ಪುಸ್ತಕಗಳೂ ಒಂದೇ ಎಂದು ಹೇಳಿ ನಿಮ್ಮನ್ನು ಸಮಾಧಾನಪಡಿಸಲು ನಾನು ಸಿದ್ಧನಿಲ್ಲ. ಕೆಲವು ಪುಸ್ತಕಗಳು ಓದುಗರಿಂದ ಹೆಚ್ಚು ಕೇಳುತ್ತವೆ, ಹೆಚ್ಚು ಕೊಡುತ್ತವೆ ಕೂಡ. ನೀವು ಮತ್ತೆ ಮತ್ತೆ ಬಿಟ್ಟ ಕಾದಂಬರಿ ಅಂಥದ್ದು. ಆದರೆ ಅದು ನಿಮಗೆ ಏಕೆ ಹತ್ತಲಿಲ್ಲ ಎಂಬುದನ್ನು ಹತ್ತಿರದಿಂದ ನೋಡಬೇಕು. ಏಕೆಂದರೆ ಅಡ್ಡಿಯಾದದ್ದು ನಿಮ್ಮ ಓದಿನ ಸಾಮರ್ಥ್ಯವೇ ಹೊರತು ಅಸಾಮರ್ಥ್ಯವಲ್ಲ ಎಂದು ನನ್ನ ಅನಿಸಿಕೆ. ಪತ್ತೇದಾರಿ ಕಾದಂಬರಿ ಓದಿ ಪಳಗಿದವರ ಮನಸ್ಸು ಬಹಳ ಚುರುಕಾಗಿರುತ್ತದೆ. ಒಂದು ಪಾತ್ರ ಕಾಣಿಸಿಕೊಂಡರೆ ಅದಕ್ಕೆ ಕಾರಣವಿರಬೇಕು, ಮೊದಲ ಅಧ್ಯಾಯದಲ್ಲಿ ಬಾಗಿಲು ತೆರೆದಿದ್ದರೆ ಕೊನೆಯ ಅಧ್ಯಾಯದಲ್ಲಿ ಅದರ ಲೆಕ್ಕ ಸಿಗಬೇಕು, ಪ್ರತಿ ವಿವರವೂ ಒಂದೇ ಗುಟ್ಟಿನ ಕಡೆಗೆ ಹರಿಯಬೇಕು ಎಂದು ಅದು ಎಣಿಸುತ್ತದೆ. ಕುವೆಂಪು 1967ರಲ್ಲಿ ಪ್ರಕಟಿಸಿದ ಈ ಕಾದಂಬರಿಯಾದರೋ, ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರೂ ಅಲ್ಲ ಎಂದು ಬಾಗಿಲಲ್ಲೇ ಸಾರಿಬಿಡುತ್ತದೆ. ಸಿಂಬಾವಿ, ಬೆಟ್ಟಳ್ಳಿ, ಹೂವಳ್ಳಿ, ಕೋಣೂರು ಎಂದು ಮನೆಗಳ ಹೆಸರುಗಳು ಒಂದರ ಮೇಲೊಂದು ಬರುತ್ತವೆ. ಒಬ್ಬರ ಕಥೆ ಹಿಡಿದು ಹೊರಟವರು ಇನ್ನೊಬ್ಬರ ಜಗಲಿಯಲ್ಲಿ ಕುಳಿತಿರುತ್ತಾರೆ. ಗುಟ್ಟನ್ನು ಹುಡುಕುತ್ತಾ ಹೋದವರಿಗೆ ನೂರು ಪುಟದೊಳಗೆ ದಣಿವಾಗುವುದು ಸಹಜ. ಅಲ್ಲಿಗೆ ಬೇಕಾದದ್ದು ಬೇರೊಂದು ಬಗೆಯ ನಿರೀಕ್ಷೆ. ಅದನ್ನು ಕಲಿಯಬಹುದು, ಕಲಿಯದಿದ್ದರೂ ಬದುಕಿನಲ್ಲಿ ಏನೂ ಕೆಡುವುದಿಲ್ಲ.

ಇನ್ನು, ಹಳೆಯ ಇಷ್ಟವೂ ಏಕೆ ಮಂಕಾಯಿತು ಎಂಬ ಪ್ರಶ್ನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದೇ.

ಇದಕ್ಕೆ ಮುಖ್ಯ ಕಾರಣ ಆ ಲೆಕ್ಕದ ಪಟ್ಟಿ ಎಂದು ನಾನು ಭಾವಿಸುತ್ತೇನೆ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಅವರ ಸಂಗಡಿಗರು ಅಮೆರಿಕದ ಒಂದು ಶಿಶುವಿಹಾರದಲ್ಲಿ ನಡೆಸಿದ ಪ್ರಯೋಗ ಮನಶ್ಶಾಸ್ತ್ರದಲ್ಲಿ ಹೆಸರುವಾಸಿ. ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬರೆದರೆ ಚಿನ್ನದ ಬಣ್ಣದ ಮುದ್ರೆಯಿರುವ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿದರು, ಕೊಟ್ಟರು. ಒಂದೆರಡು ವಾರಗಳ ಬಳಿಕ ಯಾವ ಬಹುಮಾನವೂ ಇಲ್ಲದೆ ಬಣ್ಣದ ಪೆನ್ನುಗಳನ್ನು ಮುಂದಿಟ್ಟಾಗ, ಆ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ತನ್ನಿಂದ ತಾನೇ ಖುಷಿ ಕೊಡುತ್ತಿದ್ದ ಕೆಲಸಕ್ಕೆ ಹೊರಗಿನಿಂದ ಒಂದು ಬೆಲೆ ಕಟ್ಟಿದರೆ ಒಳಗಿನ ಖುಷಿ ಸೊರಗಬಹುದು ಎಂಬುದು ಅದರ ತಾತ್ಪರ್ಯ. ವಾಟ್ಸ್ಯಾಪ್ ಗುಂಪಿನ ಅಂಕಿಗೂ ಆ ಪ್ರಶಸ್ತಿಪತ್ರಕ್ಕೂ ಹೆಚ್ಚಿನ ಅಂತರವಿಲ್ಲ. ಪುಟ ಎಷ್ಟು ಉಳಿದಿದೆ, ತಿಂಗಳ ಕೊನೆಗೆ ಮುಗಿಯುತ್ತದೆಯೇ, ಚರ್ಚೆಯಲ್ಲಿ ಏನು ಹೇಳಲಿ ಎಂದು ಯೋಚಿಸುತ್ತಾ ಓದುವವರಿಗೆ ಯಾವ ಕಥೆಯೂ ರುಚಿಸುವುದಿಲ್ಲ. ನಾನು ಮೇಲೆ ಹೇಳಿದ ವಿಕ್ಟರ್ ನೆಲ್ ಇನ್ನೊಂದು ಸಂಗತಿಯನ್ನೂ ಗಮನಿಸಿದ್ದರು: ಓದುಗರು ತಮಗೆ ಅತ್ಯಂತ ಇಷ್ಟವಾದ ಪುಟಗಳನ್ನು ಇತರ ಪುಟಗಳಿಗಿಂತ ನಿಧಾನವಾಗಿ ಓದುತ್ತಾರೆ. ವರ್ಷದ ಗುರಿಯಾದರೋ ಓದುಗರನ್ನು ಆ ಪುಟಗಳಲ್ಲೇ ಅವಸರಪಡಿಸುತ್ತದೆ.

ಎರಡನೆಯ ಕಾರಣ ತೀರಾ ಸಾಮಾನ್ಯವಾದದ್ದು, ಆದ್ದರಿಂದಲೇ ಯಾರೂ ನೆನೆಯದ್ದು. ನಲವತ್ತು ದಾಟಿದ ಮೇಲೆ ಹತ್ತಿರದ ದೃಷ್ಟಿ ಎಲ್ಲರಲ್ಲೂ ಕುಂದುತ್ತದೆ, ಅರವತ್ತರ ಆಸುಪಾಸಿನವರೆಗೆ ಅದು ಬದಲಾಗುತ್ತಲೇ ಇರುತ್ತದೆ. ಬ್ಯಾಂಕಿನಲ್ಲಿ ದಿನವಿಡೀ ಕಂಪ್ಯೂಟರ್ ನೋಡಲು ಸರಿಹೋಗುವ ಕನ್ನಡಕ, ರಾತ್ರಿ ಮಡಿಲಲ್ಲಿಟ್ಟ ಪುಸ್ತಕಕ್ಕೆ ಸರಿಹೋಗಬೇಕೆಂದಿಲ್ಲ. ಎರಡರ ದೂರವೂ ಬೇರೆ. ಹಳೆಯ ಜನಪ್ರಿಯ ಕಾದಂಬರಿಗಳು ಅಗ್ಗದ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾದವು. ಅಲ್ಲಿ ಅಕ್ಷರದ ಕೆಳಗಿನ ಒತ್ತು ಮೊದಲು ಮಸುಕಾಗುತ್ತದೆ, ಕಣ್ಣು ಅದನ್ನು ಊಹಿಸಿಕೊಂಡು ಮುಂದೆ ಸಾಗಬೇಕಾಗುತ್ತದೆ. ಹದಿನೈದು ನಿಮಿಷದಲ್ಲಿ ಹಣೆ ಭಾರವಾದರೆ ಓದುಗರು ಪುಸ್ತಕ ಬೇಸರ ತಂದಿತೆಂದುಕೊಳ್ಳುತ್ತಾರೆ. ಓದು ಹಿಡಿಸುತ್ತಿಲ್ಲವೆಂದ ಎಷ್ಟೋ ಮಧ್ಯವಯಸ್ಕರನ್ನು ನಾನು ಮೊದಲು ಕಣ್ಣಿನ ವೈದ್ಯರ ಬಳಿಗೆ ಕಳಿಸುತ್ತಿದ್ದೆ. ನೀವೂ ಒಮ್ಮೆ ತೋರಿಸಿಕೊಳ್ಳಿ, ಹೋಗುವಾಗ ನಿಮ್ಮ ಪುಸ್ತಕವನ್ನೇ ಕೊಂಡೊಯ್ದು ಯಾವ ದೂರದಲ್ಲಿ ಹಿಡಿದು ಓದುತ್ತೀರೆಂದು ತೋರಿಸಿ.

ಮೊಬೈಲಿನ ಬಗ್ಗೆ ನಿಮ್ಮ ಮಗ ಹೇಳಿದ್ದರಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಮೆದುಳು ಕೆಟ್ಟಿದೆಯೆಂಬ ತೀರ್ಮಾನಕ್ಕೆ ಆಧಾರವಿಲ್ಲ. ಕಾಗದದ ಓದನ್ನೂ ಪರದೆಯ ಓದನ್ನೂ ಹೋಲಿಸಿದ 54 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ಸಂಶೋಧನೆಯೊಂದು 2018ರಲ್ಲಿ ಪ್ರಕಟವಾಯಿತು. ಮಾಹಿತಿಪರ ಬರಹಗಳ ಗ್ರಹಿಕೆಯಲ್ಲಿ ಕಾಗದವೇ ಮುಂದಿತ್ತು. ಕಥನಗಳ ಮಟ್ಟಿಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ಓದುವ ಹೊತ್ತಿನಲ್ಲಿ ಮೊಬೈಲನ್ನು ಪಕ್ಕದ ಕೋಣೆಯಲ್ಲಿಟ್ಟರೆ ಸಾಕು. ಅದಕ್ಕಿಂತ ದೊಡ್ಡ ವ್ರತ ಬೇಡ.

ಒಂದು ಎಚ್ಚರಿಕೆಯ ಮಾತನ್ನು ಮಾತ್ರ ಬಿಡಲಾರೆ. ಓದಷ್ಟೇ ಅಲ್ಲದೆ ಊಟ, ಹಾಡು, ಆಪ್ತರ ಒಡನಾಟ ಯಾವುದೂ ರುಚಿಸದೆ, ನಿದ್ದೆಯೂ ಕೆಟ್ಟು ಕೆಲವು ವಾರಗಳಾಗಿದ್ದರೆ ಅದು ಪುಸ್ತಕದ ಸಮಸ್ಯೆಯಲ್ಲ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ನಿದ್ದೆ ಮತ್ತು ಏಕಾಗ್ರತೆ ಏರುಪೇರಾಗುವುದೂ ಉಂಟು. ವೈದ್ಯರನ್ನು ಕಾಣಿ, ಮಾತನಾಡಿದರೆ ಸಾಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಮುಂದೇನು ಮಾಡಬಹುದು ಎಂಬುದಕ್ಕೆ ಬರುತ್ತೇನೆ. ನಾನು ಮೊದಲು ಸೂಚಿಸುವುದು, ಕೆಲವು ತಿಂಗಳು ಲೆಕ್ಕವಿಲ್ಲದ ಓದು. ಹಿಂದೆ ನಿಮಗೆ ಅತ್ಯಂತ ಹಿಡಿಸಿದ್ದ ಒಂದು ಕಾದಂಬರಿಯನ್ನು ಮತ್ತೆ ಓದಿ. ಕೊಲೆಗಾರ ಯಾರೆಂದು ತಿಳಿದಿದ್ದರೂ ಅಡ್ಡಿಯಿಲ್ಲ; ತಿಳಿದಿರುವುದರಿಂದಲೇ ಅವಸರ ಕಡಿಮೆಯಾಗಿ, ಲೇಖಕರು ಸುಳಿವುಗಳನ್ನು ಹೇಗೆ ಮರೆಮಾಡಿದ್ದರೆಂಬುದು ಕಾಣುತ್ತದೆ. ನಮ್ಮ ಗ್ರಂಥಾಲಯದ ಪತ್ತೇದಾರಿ ಪುಸ್ತಕಗಳಲ್ಲಿ, ಮತ್ತೆ ಮತ್ತೆ ಬೈಂಡ್ ಮಾಡಿಸಿ ಅಂಚು ಕತ್ತರಿಸಿ ಕಿರಿದಾದ ಪುಟಗಳ ಮೂಲೆಯಲ್ಲಿ, ಪೆನ್ಸಿಲಿನ ಚಿಕ್ಕ ಗುರುತುಗಳಿರುತ್ತಿದ್ದವು: ಒಂದು ಚುಕ್ಕಿ, ಒಂದು ನಕ್ಷತ್ರ, ಹೆಸರಿನ ಮೊದಲಕ್ಷರ. ತಾವು ಓದಿದ್ದೇವೆಂದು ನೆನಪಿಗೆ ಹಿರಿಯ ಓದುಗರು ಪ್ರತಿಯೊಬ್ಬರೂ ತಮ್ಮದೇ ಪುಟದಲ್ಲಿ ಹಾಕಿಕೊಳ್ಳುತ್ತಿದ್ದ ಗುರುತು ಅದು. ಒಂದೇ ಪುಸ್ತಕದಲ್ಲಿ ಒಂದೇ ಗುರುತು ಎರಡೆರಡು ಸಲ ಇದ್ದದ್ದೂ ಉಂಟು, ಮರೆತು ತೆಗೆದುಕೊಂಡದ್ದಲ್ಲವೆಂದು ನನಗೆ ಗೊತ್ತಿತ್ತು. ಈ ದಾರಿಯ ಅಪಾಯವೆಂದರೆ ಒಂದೇ ಅಚ್ಚಿನ ಕಥೆಗಳು ಕ್ರಮೇಣ ಸಪ್ಪೆಯಾಗುವುದು. ಹತ್ತು ಪುಟಕ್ಕೇ ಎಲ್ಲವೂ ಗೊತ್ತಾಗುತ್ತಿದೆ ಎನಿಸಿದ ದಿನ ನಿಮ್ಮ ಅಭಿರುಚಿ ತಾನಾಗಿಯೇ ಬೇರೆಯದನ್ನು ಕೇಳುತ್ತಿದೆಯೆಂದು ತಿಳಿಯಿರಿ.

ಆಗ ಪಕ್ಕದ ಮನೆಗೆ ಹೋಗುವಂಥ ಓದು ಒಳ್ಳೆಯದು. ಕನ್ನಡದಲ್ಲಿ ಇದಕ್ಕೆ ಪೂರ್ಣಚಂದ್ರ ತೇಜಸ್ವಿಯವರಿಗಿಂತ ಉತ್ತಮ ದಾರಿ ನನಗೆ ತಿಳಿದಿಲ್ಲ. 'ಜುಗಾರಿ ಕ್ರಾಸ್' ಕಾದಂಬರಿಯಲ್ಲಿ ಏಲಕ್ಕಿ ಮಾರಲು ಹೊರಟ ದಂಪತಿ ಒಂದು ದಿನದೊಳಗೆ ಸಿಕ್ಕಿಬೀಳುವ ಜಾಲ ಯಾವ ಪತ್ತೇದಾರಿ ಕಥೆಗೂ ಕಡಿಮೆಯಿಲ್ಲ. 'ಚಿದಂಬರ ರಹಸ್ಯ'ದಲ್ಲಿಯೂ ತನಿಖೆಯ ಎಳೆಯಿದೆ, ಆದರೆ ಓದುತ್ತಾ ಹೋದಂತೆ ಗುಟ್ಟಿಗಿಂತ ಊರೇ ದೊಡ್ಡದಾಗಿ ಕಾಣುತ್ತದೆ. ಅದು 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ. ನಿಮ್ಮ ಬಳಗಕ್ಕೆ ಇದನ್ನು ನೀವೇ ಸೂಚಿಸಬಹುದು, ಅಲ್ಲಿ ನಿಮಗೆ ಉಳಿದವರಿಗಿಂತ ಹೆಚ್ಚು ಹೇಳಲಿಕ್ಕೂ ಇರುತ್ತದೆ. ಇಲ್ಲಿರುವ ತೊಡಕೆಂದರೆ, ಈ ಪುಸ್ತಕಗಳನ್ನು ದೊಡ್ಡ ಓದಿಗೆ ಏಣಿಯೆಂದೇ ಎಣಿಸಿ ಓದಿದರೆ ಮತ್ತೆ ಪರೀಕ್ಷೆಯ ಮನಸ್ಥಿತಿಗೆ ಮರಳುತ್ತೀರಿ.

ಕಠಿಣ ಪುಸ್ತಕವನ್ನೇ ಓದಬೇಕೆಂಬ ಆಸೆ ನಿಜವಾಗಿಯೂ ನಿಮ್ಮದೇ ಆಗಿದ್ದರೆ ಒಬ್ಬರೇ ಹೆಣಗಬೇಡಿ. ನಮ್ಮಲ್ಲಿ ಕುಮಾರವ್ಯಾಸ ಭಾರತವನ್ನು ಗಮಕಿಗಳು ವಾಚಿಸುತ್ತಿದ್ದರು, ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರರು ಅರ್ಥ ಬಿಡಿಸುತ್ತಿದ್ದರು, ಊರಿಗೆ ಊರೇ ಕೇಳುತ್ತಿತ್ತು. ಬೆಂಗಳೂರಿನಲ್ಲಿ ಇಂದಿಗೂ ಗಮಕ ವಾಚನಗಳು ನಡೆಯುತ್ತವೆ. ದೊಡ್ಡ ಕೃತಿಯನ್ನು ನೆರವಿಲ್ಲದೆ, ಮೌನವಾಗಿ, ತಿಂಗಳೊಳಗೆ ಮುಗಿಸಬೇಕೆಂಬುದು ನಮ್ಮ ಪರಂಪರೆ ಹಾಕಿದ ಷರತ್ತಲ್ಲ. 'ಮಲೆಗಳಲ್ಲಿ ಮದುಮಗಳು' ಕೃತಿಯನ್ನು ರಾತ್ರಿಯಿಡೀ ನಡೆಯುವ ನಾಟಕವಾಗಿ ಬೆಂಗಳೂರಿನ ಕಲಾಗ್ರಾಮದಲ್ಲಿ ಆಡಿದ್ದರು. ಅದನ್ನು ನೋಡಿಬಂದ ಮೇಲೆ ಪುಸ್ತಕ ಕೇಳಿಕೊಂಡು ಬಂದವರಿದ್ದಾರೆ, ಏಕೆಂದರೆ ಅಷ್ಟು ಹೊತ್ತಿಗೆ ಪಾತ್ರಗಳಿಗೆ ಮುಖಗಳು ಬಂದಿದ್ದವು. ನೀವು ಮತ್ತೆ ಪ್ರಯತ್ನಿಸುವುದಾದರೆ, ಒಂದು ಚೀಟಿಯಲ್ಲಿ ಮನೆಗಳ ಹೆಸರು ಬರೆದು ಪ್ರತಿ ಮನೆಯ ಕೆಳಗೆ ಅಲ್ಲಿನ ಜನರನ್ನು ಸೇರಿಸುತ್ತಾ ಹೋಗಿ, ಮತ್ತು ಮೊದಲ ಓದಿನಲ್ಲಿ ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನ ಬೆನ್ನು ಬಿಡಬೇಡಿ. ಉಳಿದವರು ಅರ್ಧಂಬರ್ಧ ಅರ್ಥವಾದರೂ ಸಾಕು. ಬೇರೆಯವರ ವ್ಯಾಖ್ಯಾನವನ್ನು ಬಹಳ ನೆಚ್ಚಿಕೊಂಡರೆ ನಿಮಗನಿಸಿದ್ದನ್ನು ನೀವೇ ನಂಬದಿರುವ ಅಪಾಯವಿದೆ. ಆದ್ದರಿಂದ ಚರ್ಚೆಗೆ ಹೋಗುವ ಮೊದಲು ನಿಮ್ಮ ಅನಿಸಿಕೆಯನ್ನು ನಾಲ್ಕು ಸಾಲಾದರೂ ಬರೆದಿಟ್ಟುಕೊಳ್ಳಿ.

ಆಡಿಯೊ ಪುಸ್ತಕ ಕೇಳುವುದು ಕಳ್ಳದಾರಿಯಲ್ಲ. ಮೆಟ್ರೊದಲ್ಲಿ, ಅಡುಗೆ ಮಾಡುವಾಗ ಕೇಳಬಹುದು. ಬೇರೆ ಸೀಮೆಯ ಆಡುಮಾತಿರುವ ಕಾದಂಬರಿಗಳು ಕಣ್ಣಿಗಿಂತ ಕಿವಿಗೆ ಬೇಗ ಒಲಿಯುತ್ತವೆ. ಗಮನ ಜಾರಿದಾಗ ಹಿಂದಿನ ಪುಟಕ್ಕೆ ತಿರುವುವಷ್ಟು ಸುಲಭವಾಗಿ ಹಿಂದಕ್ಕೆ ಹೋಗಲಾಗದು, ಅದೊಂದೇ ಕೊರತೆ.

ಅರ್ಧಕ್ಕೆ ಬಿಡುವ ಬಗ್ಗೆ ನಿಮಗಿರುವ ಅಪರಾಧಿ ಭಾವಕ್ಕೆ ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಹೇಳಿದ ಸೂತ್ರವೊಂದಿದೆ. ಯಾವ ಪುಸ್ತಕಕ್ಕೂ ಐವತ್ತು ಪುಟ ಕೊಡಿ. ಐವತ್ತು ವರ್ಷ ದಾಟಿದವರು ನೂರರಿಂದ ತಮ್ಮ ವಯಸ್ಸನ್ನು ಕಳೆದು ಉಳಿದಷ್ಟು ಪುಟ ಕೊಟ್ಟರೆ ಸಾಕು. ನಿಮ್ಮ ಪಾಲಿಗೆ 48 ಪುಟ. ಸಾಮಾನ್ಯ ಗಾತ್ರದ ಕಾದಂಬರಿಗೆ ಇದು ನ್ಯಾಯವಾದ ಅಳತೆ, ಆದರೆ ನಮ್ಮ ಮಹಾಕಾದಂಬರಿಗಳಿಗೆ ಸಾಲದು. ಅವು ಓದುಗರನ್ನು ಒಳಗೆ ಕರೆದುಕೊಳ್ಳಲು ಇನ್ನಷ್ಟು ಹೊತ್ತು ತೆಗೆದುಕೊಳ್ಳುತ್ತವೆ.

ಬಳಗವನ್ನು ಈಗಲೇ ಬಿಡಬೇಡಿ, ಪಟ್ಟಿಯಿಂದ ಮಾತ್ರ ನಿಮ್ಮ ಹೆಸರನ್ನು ತೆಗೆಸಿ. ಎಲ್ಲರೂ ಒಂದೇ ಪುಸ್ತಕ ಓದುವ ಕಟ್ಟುಪಾಡು ನಿಮಗೆ ಒಗ್ಗದಿದ್ದರೆ, ಕಬ್ಬನ್ ಪಾರ್ಕಿನಲ್ಲಿ ಶನಿವಾರಗಳಂದು ಸೇರಿ ಅವರವರ ಪುಸ್ತಕವನ್ನು ಅವರವರೇ ಮೌನವಾಗಿ ಓದುವ ಓದುಗರಿದ್ದಾರೆ. ಅಲ್ಲಿ ಯಾರೂ ಯಾರ ಕೈಯ ಪುಸ್ತಕಕ್ಕೂ ಅಂಕ ಕೊಡುವುದಿಲ್ಲ.

ಕೊನೆಗೆ ನಿಮ್ಮ ಬೀರುವಿನ ಮಾತು. ದಯವಿಟ್ಟು ರದ್ದಿಗೆ ಹಾಕಬೇಡಿ, ಕನಿಷ್ಠ ಈ ಬೇಸರ ಕಳೆಯುವವರೆಗಾದರೂ. ಶ್ರೇಷ್ಠವೆಂದು ಹೆಸರಾದ ಕೃತಿಗಳು ಮತ್ತೆ ಮತ್ತೆ ಮುದ್ರಣವಾಗುತ್ತವೆ, ಗ್ರಂಥಾಲಯಗಳಲ್ಲಿ ಉಳಿಯುತ್ತವೆ. ಜನಪ್ರಿಯ ಕಾದಂಬರಿಗಳ ಗತಿ ಹಾಗಲ್ಲ: ಓದಿ ಓದಿ ಹರಿದವು, ಪ್ರಕಾಶಕರು ಅಂಗಡಿ ಮುಚ್ಚಿದರು, ಬಡಾವಣೆಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಒಂದೊಂದಾಗಿ ನಿಂತುಹೋದವು. ನಿಮ್ಮಲ್ಲಿರುವ ಕೆಲವು ಪ್ರತಿಗಳು ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳಲ್ಲೂ ಸಿಗದಿರಬಹುದು. ಜಾಗದ ಅಭಾವವಿದ್ದರೆ ಈಗಲೂ ಮರುಮುದ್ರಣದಲ್ಲಿರುವವನ್ನು ಯಾರಿಗಾದರೂ ಕೊಟ್ಟು, ಸಿಗದವನ್ನು ಉಳಿಸಿಕೊಳ್ಳಿ. ಅಗ್ಗದ ಕಾಗದದಲ್ಲಿ ಆಮ್ಲದ ಅಂಶವಿರುವುದರಿಂದ ಅದು ಹಳದಿಗಟ್ಟಿ ಪುಡಿಯಾಗುತ್ತದೆ. ಮಳೆಗಾಲದಲ್ಲಿ ಥಂಡಿ ಹಿಡಿಯುವ ಗೋಡೆಯಿಂದ ಬೀರುವನ್ನು ನಾಲ್ಕು ಬೆರಳು ದೂರ ಸರಿಸಿ, ಪುಸ್ತಕಗಳನ್ನು ಒತ್ತಾಗಿ ತುರುಕದೆ ನೆಟ್ಟಗೆ ನಿಲ್ಲಿಸಿ, ಬಿಚ್ಚಿದ ಪುಟಗಳಿಗೆ ರಬ್ಬರ್ ಬ್ಯಾಂಡ್ ಹಾಕದೆ ಅಗಲವಾದ ಹತ್ತಿ ಪಟ್ಟಿ ಕಟ್ಟಿ. ಹರಿದ ಹಾಳೆಗೆ ಸೆಲ್ಲೋಟೇಪ್ ಮಾತ್ರ ಹಚ್ಚಲೇಬೇಡಿ. ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದುಬಣ್ಣಕ್ಕೆ ತಿರುಗಿ ಕೆಳಗಿನ ಅಕ್ಷರಗಳನ್ನೂ ತಿನ್ನುತ್ತದೆ. ತೆಳುವಾದ ಕಾಗದದ ಪಟ್ಟಿಗೆ ಮೈದಾಗಂಜಿ ಸವರಿ ಅಂಟಿಸಿ, ಪೂರ್ತಿ ಒಣಗಿದ ಮೇಲೆ ಪುಸ್ತಕ ಮುಚ್ಚಿ.